ಮೂರು ಬೊಗಸೆ ಸೋಸದ ನೀರು

ಕಡ್ಡಿಗೆ ಏಳು ಸುತ್ತು, ಎಂಟನೆಯದು ಅರ್ಧ. ಕಸಬರಿಗೆಯಿಂದ ಮುರಿದು, ಎರಡೂ ತುದಿಗಳನ್ನು ಕಲ್ಲಿಗೆ ಉಜ್ಜಿ ನಯ ಮಾಡಿದ್ದ ಎರಡು ಅಂಗುಲದ ಕಡ್ಡಿ ಅದು. ಅದಕ್ಕೆ ಸುತ್ತಿಕೊಂಡಿದ್ದ ಹುಳ ಶಾವಿಗೆಯ ಎಳೆಯಷ್ಟು ದಪ್ಪ, ಅದೇ ಬಣ್ಣ. ಅದರ ಇನ್ನೊಂದು ತುದಿ ಎಡಗಾಲ ಹರಡಿನ, ಎಂದರೆ ಕಾಲಗಂಟಿನ, ಮೇಲಿದ್ದ ಹುಣ್ಣಿನೊಳಗೆ ಹೋಗಿತ್ತು. ನಾನು ಚೀಲದಿಂದ ಸ್ಕೇಲು ತೆಗೆದು, ಮುಟ್ಟದೆ, ಸುತ್ತಿನ ಅಗಲವನ್ನು ಅಳೆದು ಬರೆದುಕೊಂಡೆ.

"ಎಳದ್ರ ಹರೀತದ, ತಂಗಿ," ಎಂದಳು ಆ ಕಾಲಿನ ಒಡತಿ. "ಹರದ್ರ ಕಾಲು ಹೋಗ್ತದ. ದಿನಕ್ಕ ಒಂದ ಸುತ್ತು. ಅದು ಬಂದಷ್ಟ ಬರಬೇಕು. ಅಳಿಯನ ಮರ್ಜಿ ಕಾದಂಗ ಕಾಯಬೇಕು."

ಅವಳು ಕುರಿ ಕಾಯುವ ಮನೆಯ ಹೆಂಗಸು. ಹೆಸರು ಬರೆಯುವುದಿಲ್ಲ, ಒಮ್ಮೆ ನನ್ನಿಂದ ಅವಳ ಗುರುತು ಬಯಲಾಗಿ ಏನಾಯಿತೆಂಬುದೇ ಈ ಬರಹದ ವಿಷಯ. ಕುರಿಯವ್ವ ಎಂದು ಕರೆಯುತ್ತೇನೆ. ಊರು ದೇವದುರ್ಗ ತಾಲ್ಲೂಕಿನದು, ಬಸ್ಸಿಳಿದು ಮೂರು ಮೈಲಿ ನಡೆಯಬೇಕಾದದ್ದು. ಕಾಲ ಎಂಬತ್ತರ ದಶಕದ ನಡುವೆ ಒಂದು ಬೇಸಿಗೆ. ನಾನು ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ರಾಯಚೂರಿನಲ್ಲಿ ಆರೋಗ್ಯ ಶಿಕ್ಷಣದ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ನಾರುಹುಣ್ಣು ಇದ್ದ ಊರುಗಳಲ್ಲಿ ಜನರ ನಂಬಿಕೆಗಳನ್ನು ಕೇಳಿ ಬರೆದು ತರುವುದು ನನಗೆ ವಹಿಸಿದ ಕೆಲಸ. ನಮೂನೆಯಲ್ಲಿ ಮೂರು ಕಾಲಂ ಇದ್ದವು: ಜ್ಞಾನ, ಮನೋಭಾವ, ನಡವಳಿಕೆ.

ರೋಗದ ದಾರಿ ನಮಗೆ ತಿಳಿದಿತ್ತು. ನಾರು ಹೊರಬರುತ್ತಿರುವ ಕಾಲನ್ನು ನೀರಿಗಿಟ್ಟರೆ ಹುಳ ಸಾವಿರಾರು ಮರಿ ಬಿಡುತ್ತದೆ. ನೀರಿನಲ್ಲಿರುವ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿ ಆ ಮರಿಗಳನ್ನು ನುಂಗುತ್ತದೆ. ಆ ನೀರನ್ನು ಕುಡಿದವರ ಮೈಯಲ್ಲಿ ಹುಳ ಬೆಳೆದು, ಸುಮಾರು ಒಂದು ವರ್ಷಕ್ಕೆ ಕಾಲಿನಿಂದ ಹೊರಗೆ ಬರುತ್ತದೆ. ಒಳಗೆ ಹೋದ ಹುಳಕ್ಕೆ ಔಷಧವಿಲ್ಲ. ಕುಡಿಯುವ ಮೊದಲು ಎರಡು ಮಡಿಕೆಯ ಅರಿವೆಯಲ್ಲಿ, ಎಂದರೆ ತೆಳು ಬಟ್ಟೆಯಲ್ಲಿ, ಸೋಸಿದರೆ ಸಾಕು. ಇಷ್ಟೇ ಇದ್ದದ್ದು. ಆದರೂ ಆ ಊರಿನ ಕುರಿಮನೆಗಳ ಓಣಿಯಲ್ಲಿ ನಾರಿಲ್ಲದ ಮನೆ ಇರಲಿಲ್ಲ. ಊರಿಗೆಲ್ಲ ಕುಡಿಯುವ ನೀರು ಒಂದು ಮೆಟ್ಟಿಲು ಬಾವಿಯದು. ಎಲ್ಲರೂ ಮೊಣಕಾಲು ಮುಳುಗುವವರೆಗೆ ಇಳಿದು ಕೊಡ ತುಂಬುತ್ತಿದ್ದರು.

ನನ್ನ ಜೊತೆಗೆ ಮಾನ್ವಿಯ ಹಿರಿಯ ಆರೋಗ್ಯ ಸಹಾಯಕರೊಬ್ಬರು ಬರುತ್ತಿದ್ದರು. ಮಲೇರಿಯಾ ಮದ್ದು ಹೊಡೆಸಿ, ಗೋಡೆಗಳ ಮೇಲೆ ತಾರೀಖು ಬರೆದು ಇಪ್ಪತ್ತು ವರ್ಷ ತಿರುಗಿದವರು. ಊರವರಿಗೆ ಅವರು ಇನ್ನೂ ಮಲೇರಿಯಾ ಸಾಹೇಬರೇ, ನನಗೆ ಹಿರಿಯರು. ಮೊದಲ ವಾರ ನಾನು ಮನೆಮನೆಗೆ ಹೋಗಿ "ನಾರು ಯಾಕ ಬರ್ತದ?" ಎಂದು ಕೇಳಿ ಬರೆದುಕೊಂಡೆ. ಎಲ್ಲರೂ ಹೇಳಿದ್ದು ಒಂದೇ: ಗಂಗೆಯ ಸಿಟ್ಟು. ಜ್ಞಾನದ ಕಾಲಮ್ಮಿನಲ್ಲಿ ಉದ್ದಕ್ಕೂ 'ಮೂಢನಂಬಿಕೆ' ಎಂದು ಬರೆದೆ. ಸಂಜೆ ಬಸ್ಸಿಗೆ ಕಾಯುವಾಗ ಹಿರಿಯರು ಹಾಳೆಗಳನ್ನು ತಿರುವಿ ನೋಡಿದರು.

"ಮೇಡಂ, ಊರಿಗೆ ಊರೇ ಒಂದ ಉತ್ತರ ಕೊಟ್ರ ಅದು ನಂಬಿಕಿ ಅಲ್ರಿ. ಬಾಯಿಪಾಠ."

"ಯಾರು ಕಲಿಸಿದ್ದು?"

"ನಿಮ್ಮಂಥವರ. ಹಿಂದ ಬಂದವರೂ ಇದನ್ನ ಕೇಳಿದ್ರು. ಗಂಗಿ ಸಿಟ್ಟು ಅಂದ್ರ ಬರಕೊಂಡು ಲಗೂ ಹೋಗ್ತಾರ ಅಂತ ಮಂದಿಗೆ ಗೊತ್ತಾಗ್ಯದ."

ಮರುದಿನ ನಮೂನೆಯನ್ನು ಚೀಲದಲ್ಲೇ ಬಿಟ್ಟು ಕುರಿಯವ್ವನ ಕಟ್ಟೆಯ ಮೇಲೆ ಕುಳಿತೆ. ಅವಳು ಕಂಬಳಿಯ ಉಣ್ಣೆ ಹಿಂಜುತ್ತಿದ್ದಳು. ನಾನು ಬೇರೆ ಪ್ರಶ್ನೆ ಕೇಳಿದೆ: ಈ ಊರಿನಲ್ಲಿ ನಾರು ಯಾರಿಗೆ ಬರುವುದಿಲ್ಲ?

ಅವಳು ಉಣ್ಣೆ ಬಿಟ್ಟು ನನ್ನನ್ನು ನೋಡಿದಳು. "ಇದನ್ನ ಯಾರೂ ಕೇಳಿದ್ದಿಲ್ಲ ನೋಡು. ಸಾವ್ಕಾರ್ರ ಮನ್ಯಾಗ ಯಾರಿಗೂ ಬಂದಿಲ್ಲ. ಅವರ ಅಜ್ಜನ ಕಾಲದಿಂದ ಬಂದಿಲ್ಲ."

ಸಾಹುಕಾರರೆಂದರೆ ಬಾವಿಯ ಒಡೆಯರು. ಅವರ ಅಜ್ಜ ಕಟ್ಟಿಸಿದ ಬಾವಿ ಅದು. ಮಾನ್ವಿಯಲ್ಲಿ ಅವರ ಅಕ್ಕಿ ಗಿರಣಿ ಇತ್ತು. ವಾರದಲ್ಲಿ ಎರಡು ದಿನ ಊರಿಗೆ ಬರುತ್ತಿದ್ದರು. ಕುರಿಯವ್ವ ಅವರ ದನದ ಕೊಟ್ಟಿಗೆ ಬಳಿಯುತ್ತಿದ್ದಳು. ಅಲ್ಲಿ ಕಂಡದ್ದನ್ನು ಹೇಳಿದಳು. ಆ ಮನೆಯಲ್ಲಿ ಸಾಹುಕಾರರ ತಾಯಿ ಬೆಳಗಿನ ಜಾವ ಮಡಿಯಲ್ಲಿ ಲಿಂಗಪೂಜೆಗೆ ನೀರು ತರಿಸುತ್ತಾರೆ. ಆ ನೀರಿಗೆ ಅಗ್ಗಣಿ ಎನ್ನುತ್ತಾರೆ. ಅದನ್ನು ತೆಳು ಅರಿವೆಯಲ್ಲಿ ಸೋಸಿದ ಮೇಲೆಯೇ ಪೂಜೆಗೆ ಬಳಸುವುದು. ಪೂಜೆಗೆ ಸಲ್ಲದ ನೀರು ಬಾಯಿಗೂ ಸಲ್ಲದು ಎಂದು ಕುಡಿಯುವ ನೀರನ್ನೂ ಹಾಗೆಯೇ ಸೋಸುತ್ತಾರೆ. ರೋಗದ ಮಾತೇ ಅಲ್ಲಿಲ್ಲ.

"ಗೊತ್ತಿದ್ದೂ ನೀವ್ಯಾಕ ಸೋಸಂಗಿಲ್ಲ?"

"ನಮ್ಮ ಅತ್ತಿ ಸೋಸಾಕ ಹೋಗಿದ್ಲು. ಅವರ ಮನಿ ನೋಡಿ ಕಲ್ತು, ಕೊಡದ ಬಾಯಿಗೆ ಅರಿವಿ ಕಟಗೊಂಡು ಬಾವಿಗೆ ಇಳದ್ಲು. ಈಗಿನ ಸಾವ್ಕಾರ್ರ ಅಪ್ಪ ಬಾವಿ ಮೆಟ್ಲ ಪಾವಟಿಗಿ ಮ್ಯಾಲ ನಿಂತಿದ್ದ. 'ಏನ್ಬೇ, ನಿಮ್ಮ ಕುರಿಗೂ ಲಿಂಗ ಕಟ್ಟೀರೇನು?' ಅಂದ. ಮಂದಿ ನಕ್ರು. ಬಡಿಗಿಲೆ ಕೊಡ ಒಡದ. ಅವತ್ತ ನಮ್ಮ ಮಾವ ಓಣ್ಯಾಗ ನಿಂತು ಹೇಳಿದ, ಸೋಸಿ ಕುಡಿಯೋದು ನಾಜೂಕ ಮಂದಿ ಕೆಲಸ, ನಾವು ಇದ್ದ ನೀರು ಇದ್ದಂಗ ಕುಡಿಯೋ ಗಟ್ಟಿ ಮಂದಿ ಅಂತ. ಅವತ್ತಿಂದ ನಮ್ಮ ಓಣ್ಯಾಗ ಯಾರರ ಸೋಸಿದ್ರ ಅವರಿಗೆ ಸಾವ್ಕಾರ್ತಿ ಅಂತಾರ. ಬಯ್ಗಳ ಅದು."

ನಾನು ಆ ದಿನ ಏನನ್ನೂ ಬರೆಯಲಿಲ್ಲ. ಮೂರು ಕಾಲಮ್ಮುಗಳಲ್ಲಿ ಯಾವುದಕ್ಕೂ ಇದು ಸೇರುತ್ತಿರಲಿಲ್ಲ. ಸೋಸುವುದರಿಂದ ಒಳ್ಳೆಯದಾಗುತ್ತದೆ ಎಂಬುದು ಆ ಓಣಿಗೆ ಗೊತ್ತಿತ್ತು. ಸೋಸದಿರುವುದು ಅವರ ಮಾನವಾಗಿತ್ತು. ಎದ್ದು ಹೊರಡುವಾಗ ಅವಳಿಗೆ ಇಷ್ಟು ಹೇಳಿದೆ: ಯಾರೂ ನೋಡದಂತೆ ಒಳಗಾದರೂ ಸೋಸು. ಅವಳು ಮತ್ತೆ ಉಣ್ಣೆಗೆ ಕೈ ಹಾಕಿದಳು.

ಉಗಾದಿಗೆ ವಾರವಿರುವಾಗ ಚಾವಡಿಯಲ್ಲಿ ಸಭೆ ಕರೆದೆವು. ಬಾವಿಗೆ ತಿಂಗಳಿಗೊಮ್ಮೆ, ಆ ಸಣ್ಣ ಜೀವಿಗಳನ್ನು ಕೊಲ್ಲುವ ಮದ್ದು ಹಾಕುವುದಕ್ಕೆ, ಮುಂದೆ ಮೆಟ್ಟಿಲು ಮುಚ್ಚಿ ರಾಟೆ ಕೂಡಿಸುವುದಕ್ಕೆ ಒಡೆಯರ ಒಪ್ಪಿಗೆ ಬೇಕಿತ್ತು. ಸಾಹುಕಾರರು ಎದ್ದು ನನಗೆ ತಮ್ಮ ಕುರ್ಚಿ ಕೊಟ್ಟರು. ನಲವತ್ತರ ಆಸುಪಾಸಿನವರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲುದನಿ. ನಾನು ಹೇಳುವುದನ್ನೆಲ್ಲ ತಲೆಯಾಡಿಸುತ್ತ ಕೇಳಿದರು. ಮುಗಿದ ಮೇಲೆ ಜನರ ಕಡೆ ತಿರುಗಿದರು.

"ಈ ಆಫೀಸಿನ ಬಾಯಾರು ಭಾಳ ಓದ್ಯಾರ. ನನಗ ಅಷ್ಟು ತಿಳಿಯಂಗಿಲ್ಲ. ಆದ್ರ ನೆನಪದ. ತುರ್ತು ಪರಿಸ್ಥಿತಿ ಟೈಮಿನ್ಯಾಗ ಇದ ಆಫೀಸಿನ ಮಂದಿ ಜೀಪ್ ತಂದು, ಹಿಡಕೊಂಡು ಹೋಗಿ, ಕೊಯ್ದು ಕಳಿಸಿದ್ರು. ಈಗ ಜೀಪೂ ಬ್ಯಾಡ, ಡಾಕ್ಟರೂ ಬ್ಯಾಡ. ನೀರಾಗ ನಾಕ ಹನಿ. ಊರ ತೊಟ್ಲೆಲ್ಲಾ ಒಮ್ಮೆಲೆ ಖಾಲಿ."

ಜನ ನಕ್ಕರು, ನಂತರ ನಗು ನಿಂತಿತು. ಹೆಂಗಸರು ಸೆರಗು ಸರಿಮಾಡಿಕೊಂಡು ಹಿಂದೆ ಸರಿದರು. ಹಿರಿಯರು ತಲೆ ತಗ್ಗಿಸಿ ಕುಳಿತಿದ್ದರು. ಆ ವರ್ಷಗಳಲ್ಲಿ ಮೇಲಿನವರು ಹೇಳಿದಷ್ಟು ಜನರನ್ನು ಸಂತಾನಹರಣದ ಕ್ಯಾಂಪಿಗೆ ಕರೆತಂದವರಲ್ಲಿ ಅವರೂ ಒಬ್ಬರು. ಅದು ಸಾಹುಕಾರರಿಗೆ ಗೊತ್ತಿತ್ತು. ಬಾವಿಗೆ ಹಾಕುವುದು ಸಂತಾನ ನಿಲ್ಲಿಸುವ ಮದ್ದಲ್ಲವೆಂದೂ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಾನ್ವಿಯ ಗಿರಣಿಗೆ ನಾನೇ ಹೋಗಿ ಒಂದು ತಾಸು ವಿವರಿಸಿ ಬಂದಿದ್ದೆ.

ನಾನು ಸಾಮಾನ್ಯವಾಗಿ ಸಭೆಯಲ್ಲಿ ದನಿ ಎತ್ತುವವಳಲ್ಲ. ಅಂದು ಎತ್ತಿದೆ. "ಸಾವ್ಕಾರ್ರ, ನಿಮ್ಮ ಮನ್ಯಾಗ ಯಾರಿಗೂ ನಾರು ಬಂದಿಲ್ಲ. ಯಾಕಂದ್ರ ನಿಮ್ಮ ಮನ್ಯಾಗ ನೀರು ಸೋಸ್ತೀರಿ. ಮಂದಿಗೂ ಅದನ್ನ ಹೇಳ್ರಿ."

ಅವರು ನಕ್ಕರು. "ನಮ್ಮ ಅಡಗಿಮನಿ ಸುದ್ದಿ ನಿಮಗ ಯಾರು ಹೇಳಿದ್ರು, ಬಾಯಾರ?"

"ಯಾರೂ ಹೇಳಿಲ್ಲ," ಎಂದೆ. ಹೆಸರು ಹೇಳಲಿಲ್ಲ. ಆದರೆ ನನ್ನ ಕಣ್ಣು ಹೆಂಗಸರ ಸಾಲಿನಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದ ಕುರಿಯವ್ವನ ಕಡೆ ಹೋಯಿತು. ಅರೆಗಳಿಗೆ. ಸಾಹುಕಾರರು ನನ್ನ ಕಣ್ಣನ್ನೇ ನೋಡುತ್ತಿದ್ದರು.

ಮುಂದಿನದನ್ನು ಹತ್ತು ದಿನದ ನಂತರ ಹಿರಿಯರಿಂದ ತಿಳಿದೆ. ಮರುದಿನವೇ ಅವಳ ಕೊಟ್ಟಿಗೆಯ ಕೆಲಸ ಬಿಡಿಸಿದ್ದರು. ಮನೆಯ ಮಾತು ಹೊರಗೆ ಹಾಕುವವರು ಬಾವಿಗೆ ಇಳಿಯಕೂಡದು ಎಂದು ಮೆಟ್ಟಿಲ ಬಳಿ ಆಳೊಬ್ಬನನ್ನು ನಿಲ್ಲಿಸಿದ್ದರು. ಅವಳು ಒಂದು ಮೈಲಿ ದೂರದ ಹಳ್ಳಕ್ಕೆ ಕೊಡ ಹೊತ್ತು ಹೋಗತೊಡಗಿದಳು. ಮೂರನೆಯ ದಿನ ಹಳ್ಳದ ದಂಡೆಯ ಜಾಲಿಯ ಮುಳ್ಳಿಗೆ ಕಾಲಿಗೆ ಕಟ್ಟಿದ್ದ ಬಟ್ಟೆ ಸಿಕ್ಕಿಕೊಂಡಿತು. ಕಡ್ಡಿ ಹೊರಗೆ ಬಂತು, ಹುಳ ಒಳಗೆ ಉಳಿಯಿತು. ಹರಿದ ನಾರು ಮಾಂಸದೊಳಗೆ ಕೊಳೆಯತೊಡಗಿತು.

ನಾವು ಹೋದಾಗ ಅವಳ ಮೀನಖಂಡ ಕುಂಬಳದಷ್ಟಾಗಿತ್ತು, ಜ್ವರ ಸುಡುತ್ತಿತ್ತು. ಎತ್ತಿನ ಬಂಡಿಯಲ್ಲಿ ರಸ್ತೆಯವರೆಗೆ, ಅಲ್ಲಿಂದ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿ ರಾಯಚೂರಿಗೆ ತಂದೆವು. ಡಾಕ್ಟರು ಮೂರು ಕಡೆ ಕೊಯ್ದು ಕೀವು ತೆಗೆದರು. ಕಾಲು ಉಳಿಯಿತು. ಮೂರು ವಾರದ ನಂತರ ನಿಲ್ಲಿಸಿದಾಗ ಎಡಗಾಲಿನ ಹಿಮ್ಮಡಿ ನೆಲಕ್ಕೆ ಮುಟ್ಟಲಿಲ್ಲ. ಮತ್ತೆಂದೂ ಮುಟ್ಟಲಿಲ್ಲ.

ಸಾಹುಕಾರರು ಆಸ್ಪತ್ರೆಗೆ ಬಾಳೆಹಣ್ಣು ಕಳಿಸಿದ್ದರು. ತಂದ ಆಳು ಒಪ್ಪಿಸಿದ ಮಾತು: "ಸರಕಾರದವರ ಮಾತು ಕೇಳಿದ್ದಕ್ಕ ಹಿಂಗಾತು, ಇನ್ನ ಮ್ಯಾಲರ ಹುಷಾರಿರು ಅಂದಾರ." ಅವಳು ಹಣ್ಣನ್ನು ಪಕ್ಕದ ಹಾಸಿಗೆಗೆ ಸಾಗಹಾಕಿದಳು.

ನಾನು ಅವಳ ಬಳಿ ಕ್ಷಮೆ ಕೇಳಿದೆ.

"ನಿನ್ನ ಕಣ್ಣಿಗೆ ಸುಳ್ಳು ಹೇಳಾಕ ಬರಂಗಿಲ್ಲ, ತಂಗಿ. ಬಾಯಿಗೆ ಬರ್ತದ, ಕಣ್ಣಿಗೆ ಬರಂಗಿಲ್ಲ. ಅದು ಆಗಿಹೋತು." ಅವಳು ಗೋಡೆಯ ಕಡೆ ನೋಡುತ್ತ ಮಾತಾಡಿದಳು. "ಹಿಂಡಿನ ಹಿಂದ ನಾ ಇನ್ನ ನಡಿಯಾಂಗಿಲ್ಲ. ಮಗಳು ನಡೀಬೇಕು. ನೀ ಹೇಳಿದ ದಿನದಿಂದ ಅಕಿಗಷ್ಟ ಕದಾ ಮುಚ್ಚಿ ಸೋಸಿ ಕುಡಸ್ತಿದ್ದೆ. ನನಗ ಸೋಸ್ಕೊಳ್ಳಿಲ್ಲ, ಸೊಕ್ಕು. ಈಗ ಅಕಿಗೆ ಯಾರು ಸೋಸ್ತಾರ? ಎರಡು ಕೆಲಸ ಮಾಡು. ಅಕಿ ಕಾಲು ಉಳಸು. ಆಮ್ಯಾಲ ಅವನ ಪಾವಟಿಗಿ ಸೊಕ್ಕು ಮುರಿ."

ಎರಡನೆಯದನ್ನು ಅವಳು ಹೇಳದಿದ್ದರೂ ನಾನು ಮಾಡುವವಳಿದ್ದೆ. ಅಷ್ಟು ಹೊತ್ತಿಗೆ ನನ್ನೊಳಗೆ ಬೇರೆ ಯೋಚನೆ ಇರಲಿಲ್ಲ. ಬಸ್ಸಿನಲ್ಲಿ, ಕಚೇರಿಯಲ್ಲಿ, ನನ್ನ ಕೋಣೆಯಲ್ಲಿ ಅನ್ನ ಬೇಯುವುದನ್ನು ಕಾಯುವಾಗ, ಆ ಇಸ್ತ್ರಿ ಅಂಗಿಯೇ ಕಣ್ಣ ಮುಂದಿರುತ್ತಿತ್ತು. ನನ್ನ ತಪ್ಪು ನನಗೆ ಗೊತ್ತಿತ್ತು. ಅದು ಸಿಟ್ಟನ್ನು ಕಡಿಮೆ ಮಾಡಲಿಲ್ಲ, ಹರಿತ ಮಾಡಿತು.

ಮರುದಿನವೇ ಊರಿಗೆ ಹೋಗಿ, ಹನ್ನೆರಡು ವರ್ಷದ ಮಗಳಿಗೆ ಅರಿವೆಯನ್ನು ಹೇಗೆ ಮಡಿಸಬೇಕು, ಹೇಗೆ ಕಟ್ಟಬೇಕು, ಸೋಸಿದ ಮೇಲೆ ಬಾವಿಯಿಂದ ದೂರ ಹೇಗೆ ಝಾಡಿಸಬೇಕು ಎಂದು ಕಲಿಸಿದೆ. ಅವಳು ಕದ ಮುಚ್ಚಿಯೇ ಕಲಿತಳು. ನಂತರ ಬಾವಿಯ ಬಗ್ಗೆ ವರದಿ ಬರೆದು ಮೇಲಿನವರಿಗೆ ಕಳಿಸಿದೆ. ಖಾಸಗಿ ಬಾವಿ, ಒಡೆಯರ ಲಿಖಿತ ಒಪ್ಪಿಗೆಯಿಲ್ಲದೆ ಮುಂದುವರಿಯುವಂತಿಲ್ಲ ಎಂಬ ಷರಾದೊಂದಿಗೆ ಅದು ತಿರುಗಿ ಬಂತು. ನಿಯಮ ಹಾಗೆಯೇ ಇತ್ತು, ದೂರುವಂತಿರಲಿಲ್ಲ.

ಉಳಿದದ್ದು ಒಂದೇ ಬಾಗಿಲು. ಸಾಹುಕಾರರು ಮಾನ್ವಿಯಲ್ಲಿರುವ ದಿನ ನೋಡಿಕೊಂಡು ಅವರ ಮನೆಗೆ ಹೋದೆ. ತಾಯಿ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದರು. ಎಪ್ಪತ್ತು ದಾಟಿದ, ಬೆನ್ನು ಬಾಗದ ಹೆಂಗಸು. ನಾನು ಎರಡು ಗಾಜಿನ ಲೋಟ ಕೇಳಿದೆ. ಒಂದಕ್ಕೆ ಬಾವಿಯ ನೀರು, ಇನ್ನೊಂದಕ್ಕೆ ಅವರು ಸೋಸಿಟ್ಟ ನೀರು. ಬಿಸಿಲಿಗೆ ಹಿಡಿದು ಭೂತಗನ್ನಡಿ ಕೊಟ್ಟೆ. ಮೊದಲ ಲೋಟದಲ್ಲಿ ಬಿಳಿ ಚುಕ್ಕಿಗಳು ಕುಪ್ಪಳಿಸುತ್ತಿದ್ದವು. ಎರಡನೆಯದರಲ್ಲಿ ಏನೂ ಇರಲಿಲ್ಲ.

ಅವರು ಬಹಳ ಹೊತ್ತು ನೋಡಿದರು. "ಇವು ಜೀವ ಏನವ್ವಾ?"

"ಹೌದ್ರಿ. ನಿಮ್ಮ ಅರಿವಿ ಇವನ್ನ ತಡದದ. ಅದಕ್ಕ ನಿಮ್ಮ ಮನ್ಯಾಗ ನಾರಿಲ್ಲ. ಕುರಿಮನಿಯಾಕಿ ಕಾಲು ಕುಂಟಾಗಿದ್ದು ಇವುಗಳಿಂದ. ಮತ್ತ..." ನಾನು ನಿಲ್ಲಿಸಿದೆ.

"ಮತ್ತ ನನ್ನ ಮಗನಿಂದ. ಹೇಳು, ನನಗ ಗೊತ್ತದ." ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿ ಕೊಟ್ಟರು. "ಅಕಿ ಅತ್ತಿ ಕೊಡ ಒಡದಾಗ ನಾ ಹೊಸಾ ಸೊಸಿ. ಪಾವಟಿಗಿ ಮ್ಯಾಲ ನಿಂತಿದ್ದೆ. ಚೂರು ಬಂದು ನನ್ನ ಕಾಲ ಬೆರಳಿಗೆ ಹತ್ತಿತು. ಮಾತಾಡಾಂಗಿರಲಿಲ್ಲ ಆಗ. ಸೋಸೋ ನೀರಿಗೆ ಜಾತಿ ಎಲ್ಲಿಂದ ಬಂತು ಅಂತ ಕೇಳಬೇಕಿತ್ತು. ಐವತ್ತು ವರ್ಷ ಬಾಯಾಗ ಇಟಗೊಂಡೀನಿ."

ನೀವೇ ಓಣಿಗೆ ಬಂದು ಕುರಿಮನೆಯ ಹೆಂಗಸರಿಗೆ ಅರಿವೆ ಕಟ್ಟಿ ಕೊಡುತ್ತೀರಾ ಎಂದು ಅವರನ್ನು ಕೇಳಿದೆ. "ಇವತ್ತ ಬರ್ತೀನಿ ನಡಿ," ಎಂದು ಎದ್ದೇಬಿಟ್ಟರು.

ಇಲ್ಲಿ ನಾನು ಒಂದು ತೀರ್ಮಾನ ಮಾಡಿದೆ. ಆ ದಿನವೇ, ಮಗ ಊರಲ್ಲಿಲ್ಲದಾಗ, ಓಣಿಯೊಳಗೆ ಸದ್ದಿಲ್ಲದೆ ಆ ಕೆಲಸ ಮುಗಿಸಬಹುದಿತ್ತು. ಮುಂದಿನ ವಾರ ಬಸವ ಜಯಂತಿ. ಸಾಹುಕಾರರು ಊರಿನಲ್ಲಿರುತ್ತಾರೆ, ಬೆಳಿಗ್ಗೆ ಊರೆಲ್ಲ ಬಾವಿಯ ಬಳಿ ಸೇರಿರುತ್ತದೆ. ನಾನು ತಾಯಿಗೆ ಹೇಳಿದೆ: "ಇವತ್ತ ಬ್ಯಾಡ್ರಿ. ಹಬ್ಬದ ದಿನ ಬರ್ರಿ. ಓಣ್ಯಾಗ ಬ್ಯಾಡ. ಕೊಡ ಒಡದ ಜಾಗದಾಗ."

ಬಸ್ ನಿಲ್ದಾಣದಲ್ಲಿ ಹಿರಿಯರು ಕೇಳಿದರು. "ಮೇಡಂ, ನಿಮಗ ಕೆಲಸ ಆಗಬೇಕೋ, ಸೇಡು ತೀರಬೇಕೋ?"

"ಎರಡೂ."

"ವಾರ ತಡ ಆತು. ಆ ವಾರದಾಗ ಓಣ್ಯಾಗ ಎಷ್ಟು ಮಂದಿ ಸೋಸದ ನೀರು ಕುಡೀತಾರ, ಲೆಕ್ಕ ಹಾಕೀರೇನು?"

ಹಾಕಿರಲಿಲ್ಲ. ತೀರ್ಮಾನವನ್ನು ಬದಲಿಸಲೂ ಇಲ್ಲ. ಆ ವಾರವನ್ನು ನಾನು ಸಮರ್ಥಿಸಿಕೊಳ್ಳಲಾರೆ.

ಹಬ್ಬದ ಬೆಳಿಗ್ಗೆ ಎತ್ತುಗಳ ಮೈತೊಳೆದು ಬಾವಿಯ ಸುತ್ತ ಕಟ್ಟಿದ್ದರು. ಆಸ್ಪತ್ರೆಯಿಂದ ಬಂದಿದ್ದ ಕುರಿಯವ್ವ ಕೋಲೂರಿಕೊಂಡು, ಮಗಳ ತಲೆಯ ಮೇಲೆ ಕೊಡ ಹೊರಿಸಿಕೊಂಡು ಬಂದಳು. ಕಾವಲಿನ ಆಳು ಅಡ್ಡ ಬಂದ. ಹಿಂದಿನಿಂದ ಸಾಹುಕಾರರ ತಾಯಿಯ ದನಿ ಕೇಳಿತು: "ಲೇ, ಸರಿಯೋ ಆಕಡಿ." ಅವರು ಮಡಿಸೀರೆಯಲ್ಲಿ, ಕೈಯಲ್ಲಿ ತಮ್ಮ ಪೂಜೆಯ ಅರಿವೆಗಳ ಗಂಟು ಹಿಡಿದು ಬಂದಿದ್ದರು. ಮೇಲಿನ ಮೆಟ್ಟಿಲ ಮೇಲೆ ಕುಳಿತು, ಕೊಡವನ್ನು ಮುಂದಿಟ್ಟುಕೊಂಡು, ಅದರ ಬಾಯಿಗೆ ಎರಡು ಮಡಿಕೆಯ ಅರಿವೆ ಹಾಕಿ ದಾರ ಬಿಗಿದರು. ಗಂಟು ಮೂರನೆಯ ಸಲಕ್ಕೆ ಕೂತಿತು.

"ನಿಮ್ಮ ಅತ್ತಿ ಕೊಡ ಇದ ಜಾಗದಾಗ ಒಡೀತು," ಎಂದರು ಕುರಿಯವ್ವನಿಗೆ, ಎಲ್ಲರಿಗೂ ಕೇಳುವಂತೆ. "ಅದು ನಮ್ಮ ಮನಿ ತಪ್ಪು. ಇನ್ನ ಮ್ಯಾಲ ಸೋಸದ ನೀರು ಯಾರೂ ಒಯ್ಯಾಂಗಿಲ್ಲ. ನಾರಿದ್ದವರು ಇಳಿಯಾಂಗಿಲ್ಲ, ಬ್ಯಾರೆಯವರು ತುಂಬಿ ಕೊಡ್ರಿ. ನೀ ಇಲ್ಲೇ ಕೂತು ನೋಡ್ಕೋ. ನಿನ್ನ ರೊಟ್ಟಿ ನಮ್ಮ ಮನಿಯಿಂದ ಬರ್ತದ."

ಸಾಹುಕಾರರು ಎದುರಿನ ದಂಡೆಯಲ್ಲಿ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿಸುತ್ತ ನಿಂತಿದ್ದರು. ಅವರ ಮುಖವನ್ನು ನಾನು ಬಿಡದೆ ನೋಡಿದೆ. ತಾಯಿಗೆ ಎದುರಾಡುವಂತಿರಲಿಲ್ಲ. ಒಬ್ಬ ಮುದುಕ ಹಲ್ಲಿಲ್ಲದ ಬಾಯಲ್ಲಿ ನಗುತ್ತ ಅಂದ: "ಸಾವ್ಕಾರ್ರ, ಇನ್ನ ನಮಗೂ ನಿಮಗೂ ಒಂದ ಅರಿವಿ ಆತು ನೋಡ್ರಿ."

ಆ ಮಾತು ತಾಗಿತು. ಸಾಹುಕಾರರು ದಡದಡನೆ ಮೆಟ್ಟಿಲಿಳಿದರು, ನೀರಿನವರೆಗೆ. "ನಮ್ಮ ಅಜ್ಜನ ನೀರಿದು. ನನಗ ಇದನ್ನ ಕುಡಿಯಾಕ ಯಾರ ಅರಿವೀನೂ ಬೇಕಿಲ್ಲ." ಬಗ್ಗಿ ಬೊಗಸೆ ತುಂಬಿದರು.

ನಾನು ನಾಲ್ಕು ಮೆಟ್ಟಿಲು ಮೇಲಿದ್ದೆ. ಬೇಸಿಗೆಯ ಕೊನೆ; ನೀರು ತಳಕ್ಕೆ ಇಳಿದಿತ್ತು. ಆ ವಾರ ನಾರಿದ್ದ ಎಷ್ಟು ಕಾಲುಗಳು ಅದರಲ್ಲಿ ಮುಳುಗಿದ್ದವು ಎಂಬುದು ಆ ಜಾಗದಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. 'ನಿಲ್ಲಿ' ಎನ್ನುವುದು ನನ್ನ ಕೆಲಸವಾಗಿತ್ತು. ಬಾಯಿ ತೆರೆದೆ. ಪಕ್ಕದಲ್ಲಿ ಕುಳಿತಿದ್ದ ಕುರಿಯವ್ವ ತಲೆಯೆತ್ತದೆ ಹೇಳಿದಳು: "ಕುಡೀಲಿ ಬಿಡು, ತಂಗಿ."

ಬಾಯಿ ಮುಚ್ಚಿದೆ. ಮೂರು ಬೊಗಸೆ. ಮೂರನೆಯದು ಗಂಟಲಿಳಿದದ್ದನ್ನೂ ನೋಡಿದೆ. ಕೋಣೆಗೆ ಮರಳಿ ಡೈರಿಯಲ್ಲಿ ತಾರೀಖು ಬರೆದು, ಮುಂದೆ 'ಮೂರು ಬೊಗಸೆ' ಎಂದಷ್ಟೇ ಬರೆದೆ.

ಆ ವರ್ಷ ಓಣಿಯಲ್ಲಿ ನಡೆದದ್ದನ್ನು ಯಾವ ತರಬೇತಿಯಲ್ಲೂ ನನಗೆ ಕಲಿಸಿರಲಿಲ್ಲ. ಕುರಿಮನೆಯ ಹೆಂಗಸರು ಸೋಸಿದರು. ರೋಗಕ್ಕೆ ಹೆದರಿ ಅಲ್ಲ. ನಾನು ತೋರಿಸಿದ ರೋಗದ ಚಿತ್ರಪಟ ನೋಡಿ ಅಲ್ಲವೇ ಅಲ್ಲ. ಸಾಹುಕಾರರು ಬೇಡವೆಂದದ್ದನ್ನು ತಾವು ಹಿಡಿದಿದ್ದೇವೆಂದು ಸೋಸಿದರು. ಒಗೆದ ಅರಿವೆಗಳನ್ನು ಮನೆಯ ಹಿಂದೆ ಒಣಹಾಕಬಹುದಿತ್ತು. ಸಾಹುಕಾರರ ಬಾಗಿಲಿಗೆ ಎದುರಾದ ಬೇಲಿಯ ಮೇಲೇ ಸಾಲಾಗಿ ಹರವಿದರು. "ಸಾವ್ಕಾರ್ತೀ, ನಿನ್ನ ಅರಿವಿ ಹಾರಾಕತ್ತದ ಹಿಡಿ," ಎಂದು ಒಬ್ಬಳು ಕೂಗಿದರೆ ಓಣಿಯೆಲ್ಲ ನಗುತ್ತಿತ್ತು. ಬೈಗುಳ ತಮಾಷೆಯಾಯಿತು. ಸಾಹುಕಾರರು 'ಗಟ್ಟಿ ಮಂದಿ'ಯಾದರು. ಊರಿಗೆ ಬಂದಾಗಲೆಲ್ಲ, ತಾಯಿ ಎಷ್ಟು ಹೇಳಿದರೂ, ಸೋಸದ ನೀರನ್ನೇ ತರಿಸಿ ಎಲ್ಲರೆದುರು ಕುಡಿದರು. ಕುರಿಯವ್ವನ ಮಾವ ಹಿಂದೆ ಓಣಿಯಲ್ಲಿ ನಿಂತು ಹೇಳಿದ್ದ ಮಾತು ಆ ಓಣಿಯನ್ನು ಬಿಟ್ಟು ಇವರ ಮನೆ ಸೇರಿತ್ತು.

ಅವರು ಮತ್ತೆ ಮತ್ತೆ ಕುಡಿಯುತ್ತಿದ್ದ ಸುದ್ದಿ ನನಗೆ ತಲುಪುತ್ತಿತ್ತು. ಒಂದು ಕಾಗದ ಬರೆದು ಎಚ್ಚರಿಸಬಹುದಿತ್ತು. ಬರೆಯಲಿಲ್ಲ. ಪಶ್ಚಾತ್ತಾಪವಾಗಿದೆ ಎಂದು ಇಲ್ಲಿ ಬರೆದರೆ ಅದು ಸುಳ್ಳಾಗುತ್ತದೆ. ಹನ್ನೆರಡು ತಿಂಗಳು ನಾನು ಕಾದೆ. ಹುಳದ ಬೆಳವಣಿಗೆ ನನಗೆ ಪುಸ್ತಕದಿಂದ ಬಾಯಿಪಾಠವಾಗಿತ್ತು. ಈಗ ಹೊಟ್ಟೆ ದಾಟಿರಬೇಕು, ಈಗ ತೊಡೆ, ಈಗ ಮೊಣಕಾಲು ಎಂದು ಕಚೇರಿಯ ಮೇಜಿನೆದುರು ಕುಳಿತು ಎಣಿಸುತ್ತಿದ್ದೆ. ಕುಡಿದವರಿಗೆಲ್ಲ ನಾರು ಬರುವುದಿಲ್ಲ ಎಂಬುದೂ ಗೊತ್ತಿತ್ತು. ಆ ಅನುಮಾನವೇ ನನ್ನನ್ನು ಹೆಚ್ಚು ಕಾಡಿತು.

ಮುಂದಿನ ಶಿವರಾತ್ರಿಯ ನಂತರ ಓಣಿಯಲ್ಲಿ ಮತ್ತೆ ನಾರು ಕಂಡಿತು. ಅವು ಅರಿವೆ ಕಟ್ಟುವ ಮೊದಲು ಕುಡಿದ ನೀರಿನವು. ಹಬ್ಬಕ್ಕೆಂದು ನಾನು ಕಾಯಿಸಿದ ಆ ವಾರದ್ದೂ ಅವುಗಳಲ್ಲಿ ಇದ್ದಿರಬೇಕು. ಪ್ರತಿ ಸಲ ಹೋದಾಗಲೂ ಮೊದಲು ಕುರಿಯವ್ವನ ಮಗಳ ಎರಡೂ ಕಾಲುಗಳನ್ನು ಪಾದದಿಂದ ಮೊಣಕಾಲಿನವರೆಗೆ ಒತ್ತಿ ನೋಡುತ್ತಿದ್ದೆ. ಬೊಬ್ಬೆ ಇಲ್ಲ, ಉರಿ ಇಲ್ಲ. ಹಬ್ಬ ಹತ್ತಿರವಾದಂತೆ ಓಣಿಯಲ್ಲಿ ಹೊಸ ಹುಣ್ಣು ಏಳುವುದು ನಿಂತಿತು. ಆ ಹುಡುಗಿ ಹಿಂಡಿನ ಹಿಂದೆ ನಡೆಯತೊಡಗಿದ್ದಳು.

ಬಸವ ಜಯಂತಿಗೆ ಎರಡು ದಿನವಿರುವಾಗ ಹಿರಿಯರು ಮಾಸಿಕ ಸಭೆಗೆ ರಾಯಚೂರಿಗೆ ಬಂದರು. ನನ್ನ ಮೇಜಿನ ಬಳಿ ನಿಂತು, ಕೂಡದೆ, ಹೇಳಿದರು: "ಸಾವ್ಕಾರ್ರಿಗೆ ಬೊಬ್ಬಿ ಒಡದದ. ಬಲಗಾಲು ಹರಡು. ಹಬ್ಬಕ್ಕಂತ ನಿನ್ನೆ ಮಾನ್ವಿಯಿಂದ ಬಂದಾರ. ಯಾರಿಗೂ ತೋರಸವಲ್ರು, ಆಳಿನ ಬಾಯಿಂದ ತಿಳೀತು. ಧೋತರ ಇಳಿಬಿಟಗೊಂಡು ತಿರಗ್ಯಾಡಾಕತ್ತಾರ."

ಡೈರಿ ತೆಗೆದು ಹಿಂದಿನ ವರ್ಷದ ಆ ಪುಟ ನೋಡಿದೆ. ಸಂತೋಷವಾಯಿತು. ಹಿರಿಯರು ಅದನ್ನು ಗಮನಿಸಿ ಬೇರೆ ಕಡೆ ನೋಡಿದರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಚೀಲದಲ್ಲಿ ಗಾಜ್ ಬಟ್ಟೆ, ಔಷಧದ ಸೀಸೆ, ನಯ ಮಾಡಿದ ಒಂದು ಕಡ್ಡಿ, ಸ್ಕೇಲು, ಒಪ್ಪಿಗೆ ಪತ್ರ. ನಾನು ಬಾವಿ ತಲುಪುವಾಗ ಸಾಹುಕಾರರು ಪೂಜೆಯ ನೀರಿಗೆ ಹಿತ್ತಾಳೆಯ ಬಿಂದಿಗೆ ಹಿಡಿದು, ಕುಂಟುವುದನ್ನು ಮರೆಮಾಚುತ್ತ, ಮೆಟ್ಟಿಲಿಗೆ ಬರುತ್ತಿದ್ದರು. ಮೇಲಿನ ಮೆಟ್ಟಿಲ ಮೇಲೆ ಕುರಿಯವ್ವ ತನ್ನ ಕೋಲನ್ನು ಅಡ್ಡ ಇಟ್ಟುಕೊಂಡು ಕುಳಿತಿದ್ದಳು.

"ಕಾಲು ತೋರಸ್ರಿ, ಸಾವ್ಕಾರ್ರ."

ಎಲ್ಲರಿಗೂ ಹೇಳುವ ಮಾತನ್ನೇ ಅದೇ ದನಿಯಲ್ಲಿ ಹೇಳಿದಳು. ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ನಿಂತರು. ಸಾಹುಕಾರರು ನನ್ನನ್ನು ನೋಡಿದರು. ನಾನು ಅವರ ಕಣ್ಣನ್ನೇ ನೋಡಿದೆ, ಬೇರೆ ಎಲ್ಲಿಯೂ ನೋಡಲಿಲ್ಲ. ಅವರು ಧೋತರದ ಅಂಚನ್ನು ಒಂದು ಗೇಣು ಎತ್ತಿದರು.

"ನಾರದ. ನೀವು ಇಳಿಯಾಂಗಿಲ್ರಿ," ಎಂದಳು ಕುರಿಯವ್ವ. "ಬಿಂದಗಿ ಕೊಡ್ರಿ. ನನ್ನ ಮಗಳು ತುಂಬತಾಳ. ಸೋಸಿ ಕೊಡ್ತೀವಿ."

ಅವರು ಬಿಂದಿಗೆ ಕೊಟ್ಟರು. ಹುಡುಗಿ ಇಳಿದು ಹೋದಳು.

ಅವರನ್ನು ದಂಡೆಯ ಕಲ್ಲಿನ ಮೇಲೆ ಕೂರಿಸಿ, ಬೇರೆ ಪಾತ್ರೆಯ ನೀರಿನಿಂದ ಹುಣ್ಣು ತೊಳೆದೆ. ಹುಳದ ತುದಿ ಬೆಳ್ಳಗೆ ಕಾಣುತ್ತಿತ್ತು. ಕಡ್ಡಿಗೆ ಸಿಕ್ಕಿಸಿ, ಬಂದಷ್ಟನ್ನು ಸುತ್ತಿದೆ. ಒಂದು ಸುತ್ತಿಗೆ ಅದು ಬಿಗಿಯಾಯಿತು. ಎಳೆದರೆ ಹರಿಯುತ್ತದೆ. ಹರಿದರೆ ಏನಾಗುತ್ತದೆ ಎಂಬುದು ನಾಲ್ಕು ಅಡಿ ದೂರದಲ್ಲಿ ಕುಳಿತಿತ್ತು. ಕಡ್ಡಿ ನನ್ನ ಎರಡು ಬೆರಳ ನಡುವೆ ಇತ್ತು. ಕುರಿಯವ್ವ ನನ್ನ ಕೈಯನ್ನೇ ನೋಡುತ್ತಿದ್ದಳು. ಈ ಸಲ ಅವಳು ಏನೂ ಹೇಳಲಿಲ್ಲ.

ಎಳೆಯಲಿಲ್ಲ. ಕಡ್ಡಿಯನ್ನು ಕಾಲಿಗೆ ಒತ್ತಿ ಪಟ್ಟಿ ಕಟ್ಟಿದೆ. ಮೆಟ್ಟಿಲು ಮುಚ್ಚುವ ಒಪ್ಪಿಗೆ ಪತ್ರವನ್ನು ಅವರ ತೊಡೆಯ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದು ಕೊಟ್ಟೆ. ಅವರು ಓದುತ್ತಿರುವಾಗ ಸ್ಕೇಲು ತೆಗೆದು ಅಳೆದು ಬರೆದುಕೊಂಡೆ: ಬಲಗಾಲು, ಹರಡು. ಕಡ್ಡಿಗೆ ಒಂದು ಸುತ್ತು.